ನೀರು ನೋಡು ಅಂದವರು

ಕಲ್ಯಾಣಪುರದ ಇಗರ್ಜಿಯ ಹಿಂದಿನ ಸಮಾಧಿಭೂಮಿಯಲ್ಲಿ ಅವರ ಪೆಟ್ಟಿಗೆಯ ಮೇಲೆ ನಾನೂ ಒಂದು ಹಿಡಿ ಮಣ್ಣು ಹಾಕಿ ಬಂದು ತಿಂಗಳಾಗುತ್ತಾ ಬಂತು. ಪಾದ್ರಿಗಳು ಪ್ರವಚನದಲ್ಲಿ, "ರೋಗಿಗಳ ಸೇವೆಯಲ್ಲಿ ಜೀವ ಸವೆಸಿದವರು" ಎಂದರು. ಮಾತು ಸುಳ್ಳಲ್ಲ. ಆದರೆ ನನಗೆ ಗೊತ್ತಿದ್ದ ಹೆಂಗಸು ಆ ಮಾತಿನೊಳಗೆ ಎಲ್ಲೂ ಇರಲಿಲ್ಲ. ಅದನ್ನು ಕೇಳಿಸಿಕೊಂಡಿದ್ದರೆ ಅವರೇ ಪಕ್ಕದವರ ಕಿವಿಗೆ ಬಾಯಿಟ್ಟು, "ಸವೆದದ್ದು ಜೀವ ಅಲ್ಲ ಮಾರಾಯ್ತಿ, ಚಪ್ಪಲಿ" ಎಂದು ಹೇಳಿ, ಏನೂ ಆಗದವರ ಹಾಗೆ ಮತ್ತೆ ಕೈ ಮುಗಿದುಕೊಂಡು ಕೂರುತ್ತಿದ್ದರು.

ಮಣಿಪಾಲದ ಒಂದು ಆಸ್ಪತ್ರೆಯ ನರರೋಗ ವಿಭಾಗದಲ್ಲಿ ಅವರು ನರ್ಸ್. ಸಿಸ್ಟರುಗಳು ಅಲ್ಲಿ ಬೇಕಾದಷ್ಟು ಜನ ಇದ್ದರು. ಆದರೆ ನಮ್ಮ ವಿಭಾಗದಲ್ಲಿ ಹೆಸರಿಲ್ಲದೆ ಬರೀ 'ಸಿಸ್ಟರ್' ಎಂದರೆ ಅವರೊಬ್ಬರೇ. ಗಿಡ್ಡ ಆಳು, ಅಗಲ ಭುಜ, ಕುತ್ತಿಗೆಯಲ್ಲಿ ದಾರ ಕಟ್ಟಿ ಇಳಿಬಿಟ್ಟ ಕನ್ನಡಕ, ಬಾಯಲ್ಲಿ ಸದಾ ಒಂದು ಲವಂಗ. ನಾನು ಅದೇ ವಿಭಾಗದ ಲ್ಯಾಬಿನಲ್ಲಿ ಟೆಕ್ನೀಷಿಯನ್. ಕಾರ್ಕಳದಿಂದ ದಿನಾ ಬಸ್ಸಿನಲ್ಲಿ ಬಂದು ಹೋಗುವವಳು.

ನಮ್ಮಲ್ಲಿಗೆ ಬರುತ್ತಿದ್ದವರು ಮರೆವು ಶುರುವಾದವರು, ಕೈಕಾಲು ನಡುಗುವವರು, ಒಮ್ಮೆಲೇ ಮಿದುಳಿಗೆ ಉರಿಯೂತ ಹತ್ತಿದ ಎಳೆಯ ಪ್ರಾಯದವರು. ಮಿದುಳನ್ನು ತೆರೆದು ನೋಡಲಿಕ್ಕಾಗುವುದಿಲ್ಲ. ಆದರೆ ಮಿದುಳಿನ ಸುತ್ತ, ಬೆನ್ನುಹುರಿಯ ಸುತ್ತ ಒಂದು ನೀರು ಉಂಟು. ಒಳಗೆ ಸವೆತವೋ ಉರಿಯೋ ಶುರುವಾದರೆ ಆ ನೀರಿನ ಪ್ರೋಟೀನುಗಳಲ್ಲಿ ಏರುಪೇರಾಗುತ್ತದೆ. ಎಷ್ಟೋ ಸಲ ಹೊರಗೆ ಏನಾದರೂ ಕಾಣುವ ಮೊದಲೇ ಆಗಿರುತ್ತದೆ. ಈಗೀಗ ರಕ್ತದಲ್ಲಿಯೂ ಅದರ ಸುಳಿವು ಸಿಗುತ್ತದೆ. ಡಾಕ್ಟರು ಸೊಂಟದ ಹತ್ತಿರ ಸೂಜಿ ಹಾಕಿ ಹನಿ ಹನಿಯಾಗಿ ನೀರು ತೆಗೆಯುತ್ತಾರೆ. ಅದನ್ನು ಮಂಜುಗಡ್ಡೆಯಲ್ಲಿಟ್ಟು ಲ್ಯಾಬಿಗೆ ಓಡಿಸುವುದು, ಮಷೀನಿನಲ್ಲಿ ತಿರುಗಿಸುವುದು, ಪಾಲು ಮಾಡಿ ಫ್ರೀಜರಿಗೆ ಹಾಕುವುದು, ಅಳೆಯುವುದು ನನ್ನ ಕೆಲಸ. ಸೂಜಿ ಒಳಗಿರುವಷ್ಟು ಹೊತ್ತು ರೋಗಿಯನ್ನು ಅಲುಗಾಡದಂತೆ ಹಿಡಿದುಕೊಳ್ಳುವುದು ಸಿಸ್ಟರ್ ಕೆಲಸ.

ನಾನು ಕೆಲಸಕ್ಕೆ ಸೇರಿದ ಮೊದಲ ದಿನ ಆ ಉದ್ದದ ಸೂಜಿ ನೋಡಿಯೇ ಕಣ್ಣಿಗೆ ಕತ್ತಲೆ ಬಂದು ಗೋಡೆ ಹಿಡಿದು ಕೂತೆ. ಸಿಸ್ಟರ್ ರೋಗಿಯನ್ನು ಬಿಡಲಿಲ್ಲ, ತಲೆಯನ್ನೂ ಎತ್ತಲಿಲ್ಲ. "ಏ ಬಾಯೆ, ನೀನು ಸೂಜಿ ಎಂತಕ್ಕೆ ನೋಡ್ತೀ? ನೀನು ನೀರು ನೋಡು. ನಿನ್ನ ಕೆಲಸ ನೀರಿನದ್ದಲ್ವಾ?" ಎಂದರು. ಬಾಯೆ ಎನ್ನುವುದು ಕೊಂಕಣಿಯಲ್ಲಿ ಹುಡುಗಿಯರನ್ನು ಅಕ್ಕರೆಯಿಂದ ಕರೆಯುವ ಮಾತು. ಆಮೇಲೆ ಅವರು ನನ್ನನ್ನು ಬೇರೆ ಹೆಸರಿನಿಂದ ಕರೆದದ್ದೇ ಇಲ್ಲ.

ಅವರು ಹಿಡಿಯುವ ಕ್ರಮವೇ ಬೇರೆ. ರೋಗಿ ಒಂದು ಮಗ್ಗುಲಿಗೆ ಮಲಗಿ ಮೊಣಕಾಲನ್ನು ಹೊಟ್ಟೆಗೆ ತಂದು ಬೆನ್ನು ಬಾಗಿಸಬೇಕು. ಮೀನುಗಾರರ ಕಡೆಯವರಾದರೆ ತುಳುವಿನಲ್ಲಿ "ಎಟ್ಟಿಯ ಹಾಗೆ ಮುದುಡಿ" ಎನ್ನುತ್ತಿದ್ದರು. ಕನ್ನಡದವರಿಗೆ ಸಿಗಡಿ. ಒಮ್ಮೆ ಮೀನು ಮುಟ್ಟದ ಮನೆಯ ಭಟ್ಟರೊಬ್ಬರು ಬಂದಿದ್ದರು. ಸಿಸ್ಟರ್ ಬಾಯಿ ತೆರೆದವರು ಅರ್ಧದಲ್ಲೇ ನುಂಗಿಕೊಂಡು, "ತೊಟ್ಟಿಲ ಮಗುವಿನ ಹಾಗೆ ಮಲಗಿ ಭಟ್ರೇ" ಎಂದರು. ಮುದುಡಿ ಮಲಗಿದವರ ಭುಜವನ್ನು ಒಂದು ತೋಳಿನಿಂದ, ಮೊಣಕಾಲನ್ನು ಇನ್ನೊಂದು ತೋಳಿನಿಂದ ಸುತ್ತಿ, ತಮ್ಮ ಹಣೆಯನ್ನು ಅವರ ಹಣೆಯ ಹತ್ತಿರ ತಂದು ಮಾತಾಡಲು ಶುರುಮಾಡುತ್ತಿದ್ದರು. ಬಂಗುಡೆ ಎಷ್ಟಕ್ಕೆ ಹೋಯಿತು, ಮನೆಯ ಬಾವಿಯಲ್ಲಿ ನೀರುಂಟಾ, ಮಗಳಿಗೆ ಗಂಡು ನೋಡಿ ಆಯಿತಾ. ಉತ್ತರ ಹೇಳುತ್ತಾ ಹೇಳುತ್ತಾ ಸೂಜಿ ಹೋದದ್ದೂ ಬಂದದ್ದೂ ಅವರಿಗೆ ಗೊತ್ತಾಗುತ್ತಿರಲಿಲ್ಲ.

ಜನರಿಗೆ ಸೂಜಿಗಿಂತ ದೊಡ್ಡ ಹೆದರಿಕೆ ಇನ್ನೊಂದಿತ್ತು. ಬೆನ್ನಿಗೆ ಚುಚ್ಚಿದರೆ ಕಾಲು ಹೋಗುತ್ತದೆ ಎನ್ನುವುದು. ಉಚ್ಚಿಲದಿಂದ ಮೀನು ಮಾರುವ ಹೆಂಗಸೊಬ್ಬರು ಗಂಡನನ್ನು ಕರೆದುಕೊಂಡು ಬಂದಿದ್ದರು. ಬೋಟಿನಲ್ಲಿ ಕೆಲಸ ಮಾಡುತ್ತಿದ್ದ ಮನುಷ್ಯ, ಬಂದರಿನಿಂದ ಮನೆಗೆ ದಾರಿ ತಪ್ಪಲು ಶುರುಮಾಡಿದ್ದರು. ಪರೀಕ್ಷೆಯ ಮಾತೆತ್ತಿದ ಕೂಡಲೇ ಆ ಹೆಂಗಸು "ಬೊಡ್ಚಿ, ಬೊಡ್ಚಿ, ನಮಗೆ ಬೇಡ" ಎಂದು ಗಂಡನ ಕೈ ಹಿಡಿದು ಎದ್ದೇ ಬಿಟ್ಟರು. ಆ ಸಮಯದಲ್ಲಿ ನಮ್ಮ ವಿಭಾಗದ ಸಂಶೋಧನೆಯೊಂದಕ್ಕೆ ರೋಗವಿಲ್ಲದವರ ನೀರೂ ಬೇಕಾಗಿತ್ತು, ಹೋಲಿಸಿ ನೋಡಲಿಕ್ಕೆ. ಸಿಸ್ಟರ್ ತಾನು ಕೊಡುತ್ತೇನೆ ಎಂದು ಮೊದಲೇ ಒಪ್ಪಿಗೆ ಕೊಟ್ಟಿದ್ದರು. "ಇವತ್ತೇ ನನ್ನದು ತೆಗೀರಿ ಡಾಕ್ಟ್ರೇ. ಇವರು ನೋಡ್ಲಿ" ಎಂದು ಹೋಗಿ ಮಲಗಿದರು. ಆಮೇಲೆ ಸ್ವಲ್ಪ ಹೊತ್ತು ಮಲಗಿಯೇ ಇರಬೇಕೆಂದು ಡಾಕ್ಟರು ಹೇಳಿದರೂ ಕೇಳದೆ ಎದ್ದು ಬಂದು, ಆ ಹೆಂಗಸಿನ ಎದುರು ಸೀರೆಯ ನೆರಿಗೆ ಸ್ವಲ್ಪ ಎತ್ತಿ ಹಿಡಿದು, "ನೋಡಿ, ಎರಡೂ ಕಾಲು ಉಂಟಲ್ಲಾ?" ಎಂದರು. ಹೆಂಗಸು ನಕ್ಕುಬಿಟ್ಟರು. ಗಂಡನ ಪರೀಕ್ಷೆ ಆಯಿತು. ಸಿಸ್ಟರ್‌ಗೆ ಮಾತ್ರ ಮರುದಿನ ತಲೆ ಎತ್ತಲಾಗದಷ್ಟು ತಲೆನೋವು. "ಡಾಕ್ಟ್ರು ಹೇಳಿದ್ದು ಕೇಳ್ಬೇಕು ಬಾಯೆ" ಎಂದು ನನಗೆ ಬುದ್ಧಿ ಹೇಳಿದರು.

ರೋಗವನ್ನು ಬೇಗ ಕಂಡುಹಿಡಿಯುವುದು ಏಕೆ ಎಂದು ಮನೆಯವರು ಕೇಳಿದರೆ ಅವರ ಬಳಿ ಒಂದು ಉತ್ತರ ಇತ್ತು. "ನಮ್ಮ ಸ್ವರ್ಣಾ ಹೊಳೆ ಉಂಟಲ್ಲಾ, ಕಲ್ಯಾಣಪುರದಲ್ಲಿ ಬಿಸಿಲಿದ್ದರೂ ಒಂದೊಂದು ದಿನ ನೀರು ಕೆಂಪಾಗ್ತದೆ. ಮೇಲೆ ಘಟ್ಟದಲ್ಲಿ ಮಳೆ ಬಂದಿದೆ ಅಂತ ಅರ್ಥ. ಮಳೆಯನ್ನು ನಿಲ್ಲಿಸ್ಲಿಕ್ಕೆ ಆಗುದಿಲ್ಲ. ಆದರೆ ಹಟ್ಟಿಯ ದನ ಬಿಚ್ಚಿ ಮೇಲೆ ಕಟ್ಟಬಹುದಲ್ಲಾ?"

ಕೆಲವೊಮ್ಮೆ ಮಳೆಯನ್ನೇ ನಿಲ್ಲಿಸಿದ್ದೂ ಉಂಟು. ಕಾಪುವಿನ ಒಂದು ಕಾಲೇಜು ಹುಡುಗಿ ನಿದ್ದೆ ಬಿಟ್ಟು, ನಗುತ್ತಾ ಕಿರುಚುತ್ತಾ, ತಾಯಿಯನ್ನೇ ಗುರುತಿಸದೆ ಇದ್ದಳು. ಮನೆಯವರು ಹೇಳಿಕೆ, ಹರಕೆ ಎಲ್ಲ ಮುಗಿಸಿ, ಯಾರೋ ಒತ್ತಾಯ ಮಾಡಿದ ಮೇಲೆ ನಮ್ಮಲ್ಲಿಗೆ ತಂದಿದ್ದರು. ನೀರು ತೆಗೆಯುವಾಗ ಅವಳು ಸಿಸ್ಟರ್ ಮುಂಗೈಗೆ ಹಲ್ಲು ಹಾಕಿದಳು. ರಕ್ತ ಬಂತು. ಸಿಸ್ಟರ್ ಹಿಡಿತ ಸಡಿಲಿಸಲಿಲ್ಲ. ಕೈ ಕಚ್ಚಿಸಿಕೊಂಡೇ ಅವಳ ಕಿವಿಯ ಹತ್ತಿರ ಏನೋ ಹೇಳುತ್ತಿದ್ದರು. ಆ ನೀರಿನಲ್ಲಿ ಅವಳ ಮೈಯೇ ಅವಳ ಮಿದುಳಿನ ಮೇಲೆ ತಿರುಗಿಬಿದ್ದ ಗುರುತು ಸಿಕ್ಕಿತು. ಅದಕ್ಕೆ ಔಷಧಿ ಉಂಟು. ಹುಡುಗಿ ಗುಣವಾದಳು. ಎಷ್ಟೋ ತಿಂಗಳ ಮೇಲೆ ತಾಯಿಯೊಡನೆ ಒಂದು ದೊಡ್ಡ ಅಂಜಲ್ ಮೀನು ಹಿಡಿದುಕೊಂಡು ಬಂದವಳಿಗೆ ಹಿಂದಿನದು ಯಾವುದೂ ನೆನಪಿರಲಿಲ್ಲ. ಸಿಸ್ಟರ್ ಕೈಯ ಕಲೆ ನೋಡಿ, "ಇದೆಂತ ಸಿಸ್ಟರ್?" ಎಂದು ಕೇಳಿದಳು.

"ನಾಯಿ ಕಚ್ಚಿದ್ದು."

"ಅಯ್ಯೋ! ಇಂಜೆಕ್ಷನ್ ತಗೊಂಡ್ರಾ?"

"ನಾನು ತಗೊಳ್ಳಿಲ್ಲ. ನಾಯಿಗೆ ಕೊಟ್ಟೆವು" ಎಂದರು ಸಿಸ್ಟರ್. ತಾಯಿ ಮುಖಕ್ಕೆ ಸೆರಗು ಮುಚ್ಚಿಕೊಂಡು ಅಳುತ್ತಾ ನಗುತ್ತಾ ನಿಂತಿದ್ದರು.

ಸಿಸ್ಟರ್ ಮನೆಯಲ್ಲಿ ಒಬ್ಬರೇ. ಗಂಡ ಮಸ್ಕತ್ತಿನ ಬಂದರಿನಲ್ಲಿ ಕ್ರೇನ್ ಓಡಿಸುವವರು. ಮದುವೆಯಾದ ಲಾಗಾಯ್ತು ರಜೆಗೆ ಬಂದಾಗ ಸಂಸಾರ, ಉಳಿದ ಕಾಲವೆಲ್ಲ ಕಾಯುವುದು. ಮಕ್ಕಳಾಗಲಿಲ್ಲ. ಅದರ ಬಗ್ಗೆ ಅವರು ಹೇಳಲಿಲ್ಲ, ನಾನೂ ಕೇಳಲಿಲ್ಲ. ತಾಯಿ ಇದ್ದಷ್ಟು ಕಾಲ ಅವರನ್ನು ನೋಡಿಕೊಂಡರು. ಆ ತಾಯಿ ಪ್ರಾಯಕ್ಕೆ ಮೊದಲೇ ಎಲ್ಲ ಮರೆಯುತ್ತಾ ಹೋದವರು. "ಆಗ ನಮಗೆ ರೋಗ ಅಂತಲೇ ಗೊತ್ತಿರ್ಲಿಲ್ಲ. ಅಮ್ಮ ಬೇಕೂಂತ ಹಟ ಮಾಡ್ತಾಳೆ ಅಂತ ನಾನು ಬೈದಿದ್ದೇನೆ" ಎಂದು ಒಮ್ಮೆ ಹೇಳಿದ್ದರು. ಇನ್ನೊಬ್ಬರ ಮನೆಯಲ್ಲಿ ರೋಗ ಅಂತ ಗೊತ್ತಿಲ್ಲದೆ ಯಾರೂ ಯಾರಿಗೂ ಬೈಯಬಾರದು ಎನ್ನುವುದೇ ಅವರ ಇಡೀ ಕೆಲಸದ ಹಿಂದೆ ಇತ್ತು ಎಂದು ನನಗೆ ಈಗ ಅನಿಸುತ್ತದೆ.

ಫಲಿತಾಂಶ ಬಂದ ದಿನ ರೋಗಿಯನ್ನು ಡಾಕ್ಟರ ಕೋಣೆಗೆ ಕಳಿಸುವ ಮೊದಲು ಅವರು ಪಕ್ಕದಲ್ಲಿ ಕೂತು ಒಂದು ಮಾತು ಕೇಳುತ್ತಿದ್ದರು: "ನಿಮಗೆ ಎಷ್ಟು ಗೊತ್ತಾಗಬೇಕು?" ಕೆಲವರು ಎಲ್ಲ ಎನ್ನುತ್ತಿದ್ದರು. ಕೆಲವರು, ಮದ್ದು ಎಂತ ಅಂತ ಮಾತ್ರ ಹೇಳಿ ಎನ್ನುತ್ತಿದ್ದರು. ಒಬ್ಬ ನಿವೃತ್ತ ಮೇಷ್ಟ್ರು, "ನನಗೆ ಬೇಡ, ಹೆಂಡತಿಗೆ ಹೇಳಿ" ಎಂದಿದ್ದರು. ಯಾವುದನ್ನೂ ಸಿಸ್ಟರ್ ತಪ್ಪು ಎನ್ನಲಿಲ್ಲ.

ಹೀಗಿರುವಾಗ ಒಂದು ಬೆಳಿಗ್ಗೆ, ಮಗ್ಗುಲಾಗಿ ಮಲಗಿದ್ದ ರೋಗಿಯೊಬ್ಬರಿಗೆ ಸಿಸ್ಟರ್, "ಮನೆಯ ಬಾವಿಯಲ್ಲಿ ನೀರುಂಟಾ?" ಎಂದು ಕೇಳಿದರು. ಉಂಟು ಎಂದರು ಅವರು. ಸ್ವಲ್ಪದರಲ್ಲೇ ಮತ್ತೆ, "ಮನೆಯ ಬಾವಿಯಲ್ಲಿ ನೀರುಂಟಾ?" ಎಂದರು. ರೋಗಿ ತಮಾಷೆ ಎಂದುಕೊಂಡು, "ಈಗಲೂ ಉಂಟು ಸಿಸ್ಟರ್" ಎಂದರು. ಸಿಸ್ಟರ್ ಮೂರನೆಯ ಸಲವೂ ಅದನ್ನೇ ಕೇಳಿದರು. ಡಾಕ್ಟರು ಸೂಜಿಯಿಂದ ಕಣ್ಣೆತ್ತಿ ನನ್ನ ಮುಖ ನೋಡಿದರು. ನಾನು ಟ್ಯೂಬಿಗೆ ಬೀಳುತ್ತಿದ್ದ ಹನಿಯನ್ನು ನೋಡುತ್ತಾ ನಿಂತೆ.

ಸಿಸ್ಟರಿಗೆ ಅದು ನಮಗಿಂತ ಮೊದಲೇ ಗೊತ್ತಿತ್ತು. ಆ ವಾರವೇ ಊಟದ ಹೊತ್ತಿಗೆ ಲ್ಯಾಬಿನ ಬಾಗಿಲಲ್ಲಿ ಬಂದು ನಿಂತರು.

"ಬಾಯೆ, ನಿನ್ನೆ ತೇರ್ಸ್ ಹೇಳುವಾಗ ಮಣಿ ಕೈಯಲ್ಲಿ ಉಂಟು, ಎಷ್ಟನೆಯದು ಅಂತ ಗೊತ್ತಾಗ್ಲಿಲ್ಲ." ತೇರ್ಸ್ ಎಂದರೆ ಅವರು ದಿನಾ ಸಂಜೆ ಜಪಮಾಲೆ ಹಿಡಿದು ಹೇಳುವ ಪ್ರಾರ್ಥನೆ.

"ಎಲ್ಲರಿಗೂ ಆಗ್ತದೆ ಸಿಸ್ಟರ್."

"ಆಗ್ತದೆ. ಬೆರಳು ಮರೆಯುದಿಲ್ಲ ಆದರೆ. ಚಿಕ್ಕಂದಿನಿಂದ ಹೇಳಿದ್ದು ಬೆರಳಿಗೇ ಗೊತ್ತಿರ್ತದೆ. ನನ್ನ ಅಮ್ಮನಿಗೂ ಹೀಗೇ ಶುರುವಾದದ್ದು." ಲವಂಗವನ್ನು ಈ ದವಡೆಯಿಂದ ಆ ದವಡೆಗೆ ಹಾಕಿಕೊಂಡು, "ನನ್ನದು ತೆಗೀರಿ" ಎಂದರು.

ಡಾಕ್ಟರು ಸ್ವಲ್ಪ ಕಾದು ನೋಡುವ ಎಂದರು. ನಿದ್ದೆ ಕಮ್ಮಿಯಾಗಿರಬಹುದು, ಥೈರಾಯ್ಡ್ ಇರಬಹುದು ಎಂದು ಬೇರೆ ಪರೀಕ್ಷೆಗಳನ್ನೆಲ್ಲ ಮಾಡಿಸಿದರು. ಎಲ್ಲ ಸರಿ ಇತ್ತು. ಆಗ ಸಿಸ್ಟರ್, "ಎಲ್ಲರಿಗೂ ಬೇಗ ಬನ್ನಿ ಬೇಗ ಬನ್ನಿ ಅಂತ ಹೇಳಿದವಳು ನಾನು. ನಾನೇ ತಡ ಮಾಡಿದ್ರೆ ಹೇಗೆ ಡಾಕ್ಟ್ರೇ?" ಎಂದರು. ಮತ್ತೆ ವಾದ ನಡೆಯಲಿಲ್ಲ.

ಅವರನ್ನು ಹಿಡಿದುಕೊಳ್ಳಲು ಇನ್ನೊಬ್ಬ ಸಿಸ್ಟರ್ ತಯಾರಾಗಿ ನಿಂತಿದ್ದರು. "ಅವಳು ಹಿಡೀಲಿ" ಎಂದು ಇವರು ನನ್ನ ಕಡೆ ಕೈ ತೋರಿಸಿದರು. ಅಷ್ಟು ವರ್ಷ ಅದೇ ಕೋಣೆಯಲ್ಲಿದ್ದರೂ ಮಂಚದ ಆ ಬದಿಗೆ ನಾನು ಹೋದವಳಲ್ಲ. ಅವರೇ ನನ್ನ ಕೈಯನ್ನು ತಮ್ಮ ಭುಜದ ಮೇಲೆ ಇಟ್ಟುಕೊಂಡು, ಇನ್ನೊಂದನ್ನು ಮೊಣಕಾಲ ಹಿಂದೆ ಎಳೆದುಕೊಂಡರು. "ಗಟ್ಟಿ. ಗಾಜಿನ ಸಾಮಾನು ಹಿಡಿದ ಹಾಗೆ ಅಲ್ಲ, ಮನುಷ್ಯರನ್ನು ಹಿಡಿದ ಹಾಗೆ." ಡೆಟ್ಟಾಲ್ ವಾಸನೆ, ಲವಂಗದ ವಾಸನೆ, ತಲೆಗೆ ಹಚ್ಚಿದ ತೆಂಗಿನೆಣ್ಣೆಯ ವಾಸನೆ. ಮಾತಾಡಿಸಬೇಕಾದವಳು ನಾನು. ಮಾತಾಡಿದವರು ಅವರೇ. "ಕಾರ್ಕಳದಲ್ಲಿ ಮಳೆ ಹೇಗುಂಟು? ನಿನ್ನ ಅಮ್ಮನ ಗಂಟುನೋವು ಹೇಗುಂಟು?" ಆಮೇಲೆ, "ನೀರು ಹೇಗುಂಟು ನೋಡು" ಎಂದರು.

ನಾನು ತಲೆ ಎತ್ತಿ ನೋಡಿದೆ. "ತಿಳಿಯಾಗಿ ಉಂಟು ಸಿಸ್ಟರ್."

"ತಿಳಿಯೇ ಇರ್ತದೆ" ಎಂದರು. "ಅಮ್ಮನದ್ದೂ ತಿಳಿಯೇ ಇರ್ತಿತ್ತು, ತೆಗೆದಿದ್ದರೆ."

ನಿಜ. ಈ ರೋಗದ ನೀರು ಬುಗ್ಗೆಯ ನೀರಿನ ಹಾಗೆ ಇರುತ್ತದೆ. ಕಣ್ಣಿಗೆ ಏನೂ ತೋರಿಸುವುದಿಲ್ಲ. ಮಷೀನು ಅಂಕಿ ಕೊಟ್ಟ ಮೇಲೆಯೇ ಗೊತ್ತಾಗುವುದು. ಆ ಟ್ಯೂಬನ್ನು ಬೇರೆಯವರ ಕೈಗೆ ಕೊಡಬೇಡ ಎಂದು ಅವರು ಹೇಳಿದ್ದರಿಂದ ನಾನೇ ಅಳೆದೆ. ಇಳಿಯದಿರಲಿ ಎಂದು ನಾನು ಬೇಡಿಕೊಂಡಿದ್ದ ಪ್ರೋಟೀನು ಇಳಿದಿತ್ತು, ಏರಬಾರದು ಎಂದಿದ್ದದ್ದು ಏರಿತ್ತು. ಮಷೀನಿನದ್ದೇ ತಪ್ಪಿರಬೇಕೆಂದು ಇನ್ನೊಮ್ಮೆ ಅಳೆದೆ. ಹಾಗೇ ಬಂತು. ರಕ್ತದಲ್ಲಿಯೂ ಅದೇ. ಗಾಜಿನ ಕೊಳವೆಗಳನ್ನು ತೊಳೆಯುವ ನೆಪದಲ್ಲಿ ಸಿಂಕಿನ ಹತ್ತಿರ ನಿಂತು ನಲ್ಲಿ ಬಿಟ್ಟು ಅತ್ತೆ.

ಡಾಕ್ಟರ ಕೋಣೆಯಲ್ಲಿ ಸಿಸ್ಟರ್ ನನ್ನನ್ನೂ ಕೂರಿಸಿಕೊಂಡರು. ಡಾಕ್ಟರು ತುಂಬಾ ಹೊತ್ತು ಪೇಪರ್‌ವೇಟ್ ತಿರುಗಿಸುತ್ತಾ ಇದ್ದು, ಕೊನೆಗೆ ಅವರದೇ ಮಾತನ್ನು ಅವರಿಗೆ ಕೇಳಿದರು: "ಸಿಸ್ಟರ್, ನಿಮಗೆ ಎಷ್ಟು ಗೊತ್ತಾಗಬೇಕು?"

"ಎಲ್ಲ."

ಡಾಕ್ಟರು ಎಲ್ಲ ಹೇಳಿದರು. ಈಗಷ್ಟೇ ಶುರು, ತುಂಬಾ ಬೇಗ ಸಿಕ್ಕಿದೆ ಎಂದರು. ಇರುವ ಮದ್ದು ಸ್ವಲ್ಪ ಆನಿಸಿ ಹಿಡಿಯಬಹುದು, ತಿರುಗಿಸಲಾರದು ಎಂದರು. ಎಷ್ಟು ಸಮಯ ಉಂಟು ಎಂಬ ಪ್ರಶ್ನೆಗೆ, ಹೇಳಲಿಕ್ಕೆ ಆಗುವುದಿಲ್ಲ ಎಂದರು. ಸಿಸ್ಟರ್ ಅಳಲಿಲ್ಲ. "ಬೇಗ ಸಿಕ್ಕಿದ್ದು ಒಳ್ಳೆದಾಯ್ತು" ಎಂದರು. ಅದು ಡಾಕ್ಟರಿಗೆ ಸಮಾಧಾನ ಹೇಳಿದ್ದು ಎಂದು ನಾನು ತಿಳಿದುಕೊಂಡೆ. ಅದಲ್ಲ ಎಂದು ಆಮೇಲೆ ಗೊತ್ತಾಯಿತು.

ಹೊರಗೆ ಬಂದು ಕಾರಿಡಾರಿನ ಬೆಂಚಿನಲ್ಲಿ ಕೂತಾಗ ಕೇಳಿದರು. "ಅವತ್ತು ಉಚ್ಚಿಲದವರಿಗೆ ತೋರಿಸ್ಲಿಕ್ಕೆ ತೆಗೆದದ್ದು, ನನ್ನ ಹಳೆಯ ನೀರು, ಅದು ಉಂಟಾ ಈಗಲೂ?"

"ಫ್ರೀಜರಿನಲ್ಲಿ ಇರ್ಬಹುದು ಸಿಸ್ಟರ್."

"ಅದರಲ್ಲಿ ಆಗಲೇ ಇತ್ತಾ?"

ಇದ್ದಿರಬಹುದು. ಲಕ್ಷಣ ಕಾಣುವ ಎಷ್ಟೋ ವರ್ಷ ಮೊದಲೇ ನೀರು ಬದಲಾಗಿರುತ್ತದೆ ಎಂದು ನಮಗಿಬ್ಬರಿಗೂ ಗೊತ್ತಿತ್ತು. ಆ ಸಂಶೋಧನೆಯಲ್ಲಿ ಯಾವ ನೀರು ಯಾರದ್ದೆಂದು ನಮಗೆ ತಿಳಿಯದಂತೆ ಇಟ್ಟಿದ್ದರು. ಆದರೂ ಡಾಕ್ಟರ ಅನುಮತಿ ಕೇಳಿ ಹುಡುಕಿಸಬಹುದಿತ್ತು. "ಕೇಳಿ ನೋಡ್ಲಾ?" ಎಂದೆ.

ಅವರು ಎದುರಿನ ಗೋಡೆಯನ್ನು ನೋಡುತ್ತಾ ಹೇಳಿದರು: "ಬೇಡ ಬಿಡು. ಅವತ್ತು ನಾನು ಚೆಂದ ಇದ್ದೆ. ಆ ದಿನ ಹಾಗೇ ಇರ್ಲಿ."

ಎಲ್ಲ ಗೊತ್ತಾಗಬೇಕು ಎಂದವರು ತನಗೆ ಬೇಡ ಎಂದು ಬಿಟ್ಟದ್ದು ಅದೊಂದನ್ನೇ.

ಆ ತಿಂಗಳೇ ಗಂಡನನ್ನು ಕರೆಸಿಕೊಂಡರು. ಅವರಿಗೆ ಕಂಪೆನಿಯಲ್ಲಿ ಇನ್ನೂ ಕೆಲವು ವರ್ಷದ ಕೆಲಸ ಬಾಕಿ ಇತ್ತು. ಮುಗಿಸಿಯೇ ಬರುತ್ತೇನೆ, ಆಮೇಲೆ ಇಬ್ಬರೂ ನಿಶ್ಚಿಂತೆಯಿಂದ ಇರಬಹುದು ಎಂದಿದ್ದರಂತೆ. ಅದಕ್ಕೆ ಸಿಸ್ಟರ್ ಹೇಳಿದ್ದನ್ನು ಗಂಡನೇ ನನಗೆ ಒಮ್ಮೆ ಹೇಳಿದರು: "ಈಗ ಬಂದರೆ ನಾವಿಬ್ಬರೂ ಇರ್ತೇವೆ. ಆಮೇಲೆ ಬಂದರೆ ನೀವೊಬ್ಬರೇ ಇರ್ತೀರಿ." ಅವರು ಕೆಲಸ ಬಿಟ್ಟು ಹೊರಟು ಬಂದರು. ಬೇಗ ಸಿಕ್ಕಿದ್ದು ಒಳ್ಳೆಯದಾಯಿತು ಎಂದು ಸಿಸ್ಟರ್ ಹೇಳಿದ್ದರ ಅರ್ಥ ಇದು.

ಅಂಕಲ್ ಎಂದು ನಾನು ಕರೆಯುವ ಆ ಮನುಷ್ಯ ಎತ್ತರದ ಆಳು, ಮಾತು ಕಡಿಮೆ. ದಿನವಿಡೀ ಆಕಾಶದಲ್ಲಿ ಒಬ್ಬರೇ ಕೂತು ಪೆಟ್ಟಿಗೆ ಎತ್ತಿ ಇಳಿಸಿದವರು ಮತ್ತೆ ಯಾರ ಹತ್ತಿರ ಮಾತಾಡಬೇಕು? ಮೊದಮೊದಲು ಇಬ್ಬರಿಗೂ ದಿನಾ ಜಗಳ. ರಜೆಯ ಅತಿಥಿಯಾಗಿ ಬರುತ್ತಿದ್ದ ಗಂಡ ಈಗ ಮನೆಯವರಾಗಿ ಬಂದು ಚೊಂಬು ಇಟ್ಟಲ್ಲಿ ಇಡುವುದಿಲ್ಲ, ಚಪ್ಪಲಿ ಬಿಟ್ಟಲ್ಲಿ ಬಿಡುವುದಿಲ್ಲ. ಇನ್ನೂ ಕೆಲಸಕ್ಕೆ ಬರುತ್ತಿದ್ದ ಸಿಸ್ಟರ್ ಕ್ಯಾಂಟೀನಿನಲ್ಲಿ ದೂರು ಹೇಳುತ್ತಿದ್ದರು. "ಈ ಜನಕ್ಕೆ ಕತ್ತಲೆ ಆಗುವ ಮೊದಲು ಊಟ ಬೇಕು ಮಾರಾಯ್ತಿ! ಮದುವೆ ಆಗುವಾಗ ಯಾರೂ ಇದನ್ನು ಹೇಳ್ಲಿಲ್ಲ!" ಹೇಳುವಾಗ ಮುಖ ತುಂಬಾ ನಗು. ಹೊಸದಾಗಿ ಮದುವೆಯಾದವರು ಗಂಡನ ಬಗ್ಗೆ ದೂರುವಾಗ ಇರುವ ನಗು.

ನಿವೃತ್ತಿ ತೆಗೆದುಕೊಂಡ ಮೇಲೆ ಇಬ್ಬರೂ ಬಸ್ಸು ಹತ್ತಿ ತಿರುಗಿದರು. ಕಾಪುವಿಗೆ ಹೋಗಿ ದೀಪಸ್ತಂಭದ ಬುಡದ ಬಂಡೆಯ ಮೇಲೆ ಕೂತು ಬಂದರು. ಇಷ್ಟು ಹತ್ತಿರ ಇದ್ದೂ ಸಿಸ್ಟರ್ ಅದನ್ನು ನೋಡಿರಲಿಲ್ಲ. ಕಾರ್ಕಳಕ್ಕೆ ನಮ್ಮ ಮನೆಗೆ ಬಂದು ಅಮ್ಮ ಮಾಡಿದ ಪತ್ರೊಡೆ ತಿಂದರು. ಅಂಕಲ್ ಸಿಸ್ಟರ್ ಹತ್ತಿರ ಮೀನಿನ ಗಸಿ ಮಾಡಲು ಕಲಿತರು. "ಹುಳಿ ಜಾಸ್ತಿ" ಎಂದು ಹೆಂಡತಿ ಹೇಳಿದರೆ ಮರುದಿನ ಕಡಿಮೆ ಹಾಕುತ್ತಿದ್ದರು. "ಹುಳಿ ಕಮ್ಮಿ" ಎಂದರೆ ಅದರ ಮರುದಿನ ಜಾಸ್ತಿ. ಹೀಗೆ ಎರಡು ವರ್ಷ, ಅಥವಾ ಅದಕ್ಕೆ ಸ್ವಲ್ಪ ಹೆಚ್ಚು. ಅವರ ಮದುವೆಯ ಬದುಕೆಲ್ಲ ಸೇರಿಸಿದರೂ ಅಷ್ಟು ದೀರ್ಘವಾಗಿ ಒಟ್ಟಿಗೆ ಇದ್ದದ್ದು ಅದೊಂದೇ ಸಲ.

ಆಮೇಲೆ ಇಳಿಜಾರು. ಮೊದಲು ಗಸಿಯ ರುಚಿ ಹೇಳುವುದು ನಿಂತಿತು. ಮತ್ತೆ ಬಾತ್ರೂಮಿನ ದಾರಿ ತಪ್ಪಿತು. ನನ್ನ ಗುರುತು ಹೋದದ್ದು ಯಾವಾಗ ಎಂದು ಹೇಳಲಾರೆ. ಒಂದು ಸಲ ಹೋದಾಗ ನಕ್ಕು ಕೂರಿಸಿ ಮಾತಾಡಿದರು, ಆದರೆ ಬಾಯೆ ಎನ್ನಲಿಲ್ಲ. ಬಸ್ಸಿನಲ್ಲಿ ಕೂತು ಕಾರ್ಕಳ ತಲುಪುವವರೆಗೂ ಆ ಒಂದು ಮಾತಿಗಾಗಿ ಕಿವಿ ಕಾದಿತ್ತು. ನನಗೆ ತಡೆದುಕೊಳ್ಳಲಾಗದೆ ಹೋದದ್ದು ಇನ್ನೊಂದು. ಅಷ್ಟು ಜನರನ್ನು ತಬ್ಬಿ ಹಿಡಿದಿದ್ದ ಹೆಂಗಸಿಗೆ ಯಾರು ಮುಟ್ಟಿದರೂ ಹೆದರಿಕೆ ಶುರುವಾಯಿತು. ಸ್ನಾನಕ್ಕೆಂದು ತೋಳು ಹಿಡಿದರೆ ಚೀರುತ್ತಿದ್ದರು. ಅಂಕಲ್ ದೂರದಲ್ಲಿ ನಿಂತು, ಬಾಲ್ದಿಯ ನೀರನ್ನು ತೋರಿಸಿ, "ಬೆಚ್ಚಗೆ ಉಂಟು, ನೀವೇ ಮುಟ್ಟಿ ನೋಡಿ" ಎಂದು ಬೇಡಿಕೊಳ್ಳುತ್ತಿದ್ದರು. ಹೆಂಡತಿಗೆ 'ನೀವು' ಎನ್ನುವುದನ್ನು ಅವರು ಆಗಲೇ ಕಲಿತದ್ದು. ಹತ್ತಿರದವರ ಹಾಗೆ ಮಾತಾಡಿದರೆ ಸಿಸ್ಟರ್ ಸಂಶಯಪಡುತ್ತಿದ್ದರು, "ಯಾರು ನೀವು?" ಎಂದು ಸಿಟ್ಟಾಗುತ್ತಿದ್ದರು. ಪರಿಚಯ ಇಲ್ಲದವರ ಮರ್ಯಾದೆಯಿಂದ ಮಾತಾಡಿದರೆ ಸಮಾಧಾನದಲ್ಲಿ ಇರುತ್ತಿದ್ದರು.

ಅವರು ತೀರಿಕೊಳ್ಳುವ ಕೆಲವು ತಿಂಗಳ ಮೊದಲು ಒಂದು ಶುಕ್ರವಾರ ರಜೆ ಹಾಕಿ ನೋಡಲು ಹೋದೆ. ಸಿಸ್ಟರ್ ಜಗಲಿಯ ಕುರ್ಚಿಯಲ್ಲಿ ಚೆಂದಕ್ಕೆ ತಲೆ ಬಾಚಿಕೊಂಡು ಕೂತಿದ್ದರು. ತೆಳ್ಳಗಾಗಿ ಆ ಅಗಲದ ಭುಜ ಎಲ್ಲಿ ಹೋಯಿತೋ. ಅಂಕಲ್ ನನಗೆ ಚಹಾ ತಂದುಕೊಟ್ಟರು. ಅವರು ಒಳಗೆ ಹೋದ ಮೇಲೆ ಸಿಸ್ಟರ್ ನನ್ನ ಕಡೆ ಬಾಗಿ ಕೊಂಕಣಿಯಲ್ಲಿ, "ನನ್ನ ಯಜಮಾನರು ಮಸ್ಕತ್ತಿನಲ್ಲಿ. ಇನ್ನೂ ಬರ್ಲಿಲ್ಲ" ಎಂದರು. ಅವರ ಜೊತೆ ಅಷ್ಟು ವರ್ಷ ಇದ್ದು ನನಗೆ ಕೊಂಕಣಿ ಅರ್ಥವಾಗುತ್ತಿತ್ತು. "ಬರ್ತಾರೆ ಸಿಸ್ಟರ್" ಎಂದೆ.

ಸ್ವಲ್ಪ ಹೊತ್ತಿಗೆ ಅಂಕಲ್ ಹೊರಗೆ ಬಂದು, ಒಂದು ಸಣ್ಣ ಫೋನನ್ನು ಸಿಸ್ಟರ್ ಮಡಿಲಲ್ಲಿ ಇಟ್ಟು, "ಈಗ ಬಂದೆ" ಎಂದು ನನಗೆ ಹೇಳಿ ಅಂಗಳ ದಾಟಿ ಮನೆಯ ಹಿಂದಕ್ಕೆ ಹೋದರು. ಫೋನ್ ಹೊಡೆದುಕೊಂಡಿತು. ಬೇರೆ ಯಾವ ಬಟನ್ ಯಾವುದಕ್ಕೆ ಎಂದು ತಿಳಿಯದ ಆ ಕೈ ಅದನ್ನು ತಪ್ಪದೆ ಎತ್ತಿ ಕಿವಿಗಿಟ್ಟುಕೊಂಡಿತು.

"ಹಲೋ! ಹಾಂ, ನಾನೇ. ಊಟ ಆಯ್ತಾ ನಿಮ್ಮದು?"

ಆ ಸ್ವರ ಕೇಳದೆ ಎಷ್ಟೋ ಕಾಲವಾಗಿತ್ತು. ಹಳೆಯ ಸಿಸ್ಟರ್ ಸ್ವರ. ನಾನು ಎದ್ದು ಒಳಗೆ ಹೋಗಿ ಅಡುಗೆಮನೆಯ ಕಿಟಕಿಯಿಂದ ನೋಡಿದೆ. ಬಾವಿಕಟ್ಟೆಯ ಹತ್ತಿರ ಅಂಕಲ್ ಬೆನ್ನು ಹಾಕಿ ನಿಂತಿದ್ದರು, ಕಿವಿಯಲ್ಲಿ ಫೋನ್. ಮಸ್ಕತ್ತಿನಲ್ಲಿದ್ದ ಅಷ್ಟು ವರ್ಷವೂ ಶುಕ್ರವಾರ ಅಲ್ಲಿ ರಜೆ, ಅವರು ಮನೆಗೆ ಫೋನ್ ಮಾಡುತ್ತಿದ್ದದ್ದು ಅಂದೇ. ಈಗಲೂ ಶುಕ್ರವಾರ ಹತ್ತಿರವಾದರೆ ಸಿಸ್ಟರ್ ಚಡಪಡಿಸುತ್ತಾರೆ, ಫೋನ್ ಬರದಿದ್ದರೆ ಅನ್ನ ಮುಟ್ಟುವುದಿಲ್ಲ ಎಂದು ಅಂಕಲ್ ಆಮೇಲೆ ಹೇಳಿದರು.

ನಾನು ಮತ್ತೆ ಜಗಲಿಗೆ ಬಂದೆ. ಸಿಸ್ಟರ್ ಹೇಳುತ್ತಿದ್ದರು. "ನಾನು ಚೆಂದ ಇದ್ದೇನೆ. ಒಬ್ಬಳೇ ಅಲ್ಲ, ಇಲ್ಲಿ ಯಾರೋ ಒಬ್ಬರು ಇದ್ದಾರೆ. ಯಾರು ಅಂತ ಗೊತ್ತಿಲ್ಲ. ಒಳ್ಳೆಯ ಜನ. ಗಂಜಿ ಮಾಡಿ ಕೊಡ್ತಾರೆ, ಮರ್ಯಾದೆಯಿಂದ ಮಾತಾಡ್ತಾರೆ. ನೀವು ಹೆದರ್ಬೇಡಿ." ಆ ಕಡೆಯಿಂದ ಏನು ಬಂತೋ. "ಆದರೂ ನೀವು ಬೇಗ ಬನ್ನಿ. ಅವರಿಗೆ ಅವರ ಮನೆ ಇರ್ತದಲ್ಲಾ, ಅಲ್ವಾ? ಎಷ್ಟು ದಿನ ಅಂತ ಇರ್ತಾರೆ ಪಾಪ."

ಫೋನ್ ಇಟ್ಟರು. ಮುಖದ ಮೇಲೆ ಬೆಳಕು ಇತ್ತು. ಅಂಗಳದ ಮೂಲೆಯಿಂದ ಅಂಕಲ್ ಬಂದು, ಪೈಪಿನ ನೀರಿನಲ್ಲಿ ಮುಖ ತೊಳೆದುಕೊಂಡು, ಮೆಟ್ಟಿಲು ಹತ್ತಿದರು. ಸಿಸ್ಟರ್ ಅವರನ್ನು ನೋಡಿ ಕುರ್ಚಿಯಲ್ಲಿ ನೆಟ್ಟಗೆ ಕೂತರು.

"ನನ್ನ ಯಜಮಾನರ ಫೋನ್ ಬಂದಿತ್ತು."

"ಹೌದಾ? ಎಂತ ಹೇಳಿದರು?"

"ಬರ್ತಾರಂತೆ. ಹೊರಟಿದ್ದಾರಂತೆ."

"ಒಳ್ಳೆದಾಯ್ತು."

ಸಿಸ್ಟರ್ ಸ್ವಲ್ಪ ಹೊತ್ತು ಅವರನ್ನೇ ನೋಡಿದರು. ಆಮೇಲೆ ಸಂಕೋಚದಿಂದ, ದೊಡ್ಡ ಉಪಕಾರ ಕೇಳುವವರ ಹಾಗೆ, "ಅವರು ಬರುವವರೆಗೆ ನೀವು ಹೋಗ್ಬೇಡಿ, ಆಯ್ತಾ?" ಎಂದರು.

"ಇಲ್ಲ," ಎಂದರು ಅಂಕಲ್. "ಅವರು ಬರುವವರೆಗೆ ಇರ್ತೇನೆ."